ಊರಲ್ಲಿಲ್ಲದ ಹೆಂಡತಿಗೆ ಸೈಕಲ್

ಒಳ್ಳೆಯದು ಮಾಡಲು ಹೊರಟಾಗಲೇ ನಾನು ನಗೆಪಾಟಲಾಗುವುದು. ಸುಮ್ಮನಿದ್ದರೆ ಇಂಥದ್ದೇನೂ ಆಗುವುದಿಲ್ಲ. ಆದರೆ ಒಬ್ಬನೇ ಇರುವ ಮನೆಯಲ್ಲಿ ಎಷ್ಟು ಹೊತ್ತು ಅಂತ ಸುಮ್ಮನಿರುವುದು?

ನಾನು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸದವನು. ಹೆಂಡತಿ, ಶಿವಗಂಗೆ ಬೆಟ್ಟದ ಕಡೆಯ ಒಂದು ಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆಯವಳು, ವಾಸವೂ ಅಲ್ಲೇ. ಭಾನುವಾರ ರಜೆ. ಶನಿವಾರ ಪಾತ್ರೆಯೆಲ್ಲ ತೊಳೆದಿಟ್ಟು ಮುಖ್ಯರಸ್ತೆಗೆ ನಡೆದು ಬರುವಷ್ಟರಲ್ಲಿ ನಮ್ಮೂರಿನ ಬಸ್ಸು ಹೋಗಿರುತ್ತದೆ. ಸಮಯಕ್ಕೆ ಬಂದರೂ, ನಿಂತಿರುವುದು ಒಬ್ಬಳೇ ಎಂದು ಡ್ರೈವರ್ ನಿಲ್ಲಿಸುವುದಿಲ್ಲ. "ಬಸ್ ಹೋಯ್ತು ಕಣ್ರೀ, ಊಟ ಮಾಡ್ಕೊಳ್ಳಿ" ಎಂದು ಫೋನ್ ಬರುತ್ತದೆ. ಕಟ್ಟಿಟ್ಟ ಎರಡು ಮುದ್ದೆಯಲ್ಲಿ ಒಂದನ್ನು ತಿಂದು, ಇನ್ನೊಂದರ ಮುಖ ನೋಡುತ್ತಾ ಕೂರುತ್ತೇನೆ. ಮುಖ್ಯರಸ್ತೆಗೆ ಬೇಗ ಬರಲು ಒಂದು ಸೈಕಲ್ ಇದ್ದರೆ ಅವಳು ಭಾನುವಾರ ಮನೆಯಲ್ಲಿರುತ್ತಾಳೆ ಎಂದು ಹೊಳೆದದ್ದು ಹಾಗೆ ಕೂತಿದ್ದಾಗಲೇ. ಮೊದಲೇ ಹೇಳಿದರೆ ದುಡ್ಡು ದಂಡ ಎನ್ನುತ್ತಾಳೆ, ಅದಕ್ಕೇ ಹೇಳಲಿಲ್ಲ.

ಎತ್ತರ

ಹೊಸದಕ್ಕೆ ನನ್ನ ಕೈ ಸಾಲದು. ಹಳೆಯ ಸೈಕಲ್ ಮಾರುವ ಅಂಗಡಿಗೆ ಹೋದೆ.

"ಮನೆಯವ್ರಿಗಾ? ಎಷ್ಟು ಎತ್ತರ ಇದ್ದಾರೆ?" ಅಂಗಡಿಯವನು ಕೇಳಿದ.

ನನ್ನ ಕೈ ಕಿವಿಯ ಹತ್ತಿರ ಹೋಯಿತು, ಅನುಮಾನ ಬಂದು ಭುಜಕ್ಕೆ ಇಳಿಯಿತು, ಪಾಪ ಅನ್ನಿಸಿ ಮತ್ತೆ ಕಿವಿಗೆ ಏರಿತು. ಜೊತೆಯಲ್ಲಿದ್ದಾಗ ಯಾರು ಅಳತೆ ನೋಡುತ್ತಾರೆ?

"ಗುರೂ, ಮದ್ವೆ ಆಗಿದೆ ತಾನೇ?" ಎಂದ.

"ನಾನು ಸೀರೆ ನೇಯೋನಪ್ಪಾ. ನಮ್ಮಲ್ಲಿ ಕುಳ್ಳಿಗೂ ಉದ್ದದವಳಿಗೂ ಒಂದೇ ಅಳತೆ."

"ಹಂಗಾದ್ರೆ ಸೈಕಲ್ಲೂ ಮಗ್ಗದಲ್ಲೇ ನೇಯ್ಕೋ ಹೋಗು."

ಲಂಗ

ಮನೆಗೆ ಬಂದು ಬೀರು ತೆಗೆದೆ. ಸೀರೆಗಳಿಂದ ಏನೂ ತಿಳಿಯಲಿಲ್ಲ. ಅವಳದೊಂದು ಲಂಗ ಸಿಕ್ಕಿತು. ಬೆಳಕಿಗೆಂದು ಬಾಗಿಲಿಗೆ ತಂದು, ಸೊಂಟಕ್ಕೆ ಹಿಡಿದುಕೊಂಡು ಬಗ್ಗಿ ನೋಡಿದೆ. ನನ್ನ ಮೊಣಕಾಲಿನಿಂದ ಸ್ವಲ್ಪ ಕೆಳಗೇ ಮುಗಿದುಹೋಯಿತು. ಇಷ್ಟು ಗಿಡ್ಡ ಇರಲಾರಳು, ಒಗೆದು ಒಗೆದು ಕುಗ್ಗಿದೆ ಎಂದುಕೊಂಡೆ. ತಲೆಯೆತ್ತಿದರೆ ಎದುರುಮನೆಯ ಅಕ್ಕ ಪೊರಕೆ ಹಿಡಿದು ನಿಂತಿದ್ದಾರೆ.

"ಸೈಕಲ್ ತಗೊಳ್ಳೋಕೆ ಅಕ್ಕಾ" ಎಂದೆ.

ಅವರು ಪೊರಕೆ ಸಮೇತ ಒಳಗೆ ಹೋದರು. ಸಾಯಂಕಾಲ ಒಂದು ಪಾತ್ರೆ ಉಪ್ಪುಸಾರು ತಂದುಕೊಟ್ಟು, "ಹಿಂಗೆ ಒಬ್ಬೊಬ್ರೇ ಇರ್ಬಾರ್ದು ಕಣಪ್ಪಾ, ತಲೆ ಕೆಡುತ್ತೆ" ಎಂದರು. ಸಾರು ಚೆನ್ನಾಗಿತ್ತು. ಅವರು ಹೇಳಿದ್ದೂ ಸುಳ್ಳಲ್ಲ.

ಫೋಟೋ

ಗೋಡೆಯ ಮೇಲೆ ನಮ್ಮ ಮದುವೆಯ ಫೋಟೋ ಇದೆ. ಅದರಲ್ಲಿ ಅವಳು ಸರಿಯಾಗಿ ನನ್ನ ಕಿವಿಗೆ ಬಂದಿದ್ದಾಳೆ. ದಿನವೂ ಅದನ್ನು ನೋಡಿಕೊಂಡೇ ಊಟ ಮಾಡಿದ್ದೇನೆ, ಎತ್ತರ ಮಾತ್ರ ನೋಡಿರಲಿಲ್ಲ. ಮೊಳೆಯಿಂದ ಬಿಡಿಸಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಫೋಟೋವನ್ನು ಸೈಕಲ್ಲುಗಳ ನಡುವೆ ಒರಗಿಸಿ, ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ, ನೆಲದಿಂದ ನನ್ನ ಕಿವಿಯವರೆಗೆ ಟೇಪು ಹಿಡಿದ. ಅಂಗಡಿಯ ಅತಿ ಎತ್ತರದ ಲೇಡೀಸ್ ಸೈಕಲ್ ಹೊರಗೆ ಬಂತು.

ಪಂಕ್ಚರ್ ಹಾಕಿಸಲು ಬಂದಿದ್ದ ತಾತನೊಬ್ಬ ಫೋಟೋಗೆ ಕೈಮುಗಿದು, "ಚಿಕ್ಕ ವಯಸ್ಸು, ಪಾಪ" ಎಂದ.

"ಚೆನ್ನಾಗಿದ್ದಾಳೆ ತಾತ."

"ಮತ್ತೆ ಫೋಟೋ ಯಾಕ್ ಹೊತ್ಕೊಂಡ್ ಬಂದೆ? ಅವಳನ್ನೇ ಕರ್ಕೊಂಡ್ ಬರ್ಬಾರ್ದಾ?"

"ಅವಳು ಬರ್ಲಿ ಅಂತಾನೇ ಸೈಕಲ್ ತಗೊಳ್ತಿರೋದು" ಎಂದೆ.

ಮಣೆ

ಆ ಶನಿವಾರ ಹೇಗೋ ಬಸ್ಸು ಸಿಕ್ಕಿ ಬಂದಳು. ಸೈಕಲ್ ನೋಡಿ ದುಡ್ಡಿನ ಮಾತೇ ಎತ್ತಲಿಲ್ಲ, ಹ್ಯಾಂಡಲ್ ಸವರುತ್ತಾ ನಿಂತಳು. ನನಗೆ ಬಹಳ ಸಂತೋಷವಾಯಿತು. ಜಗಲಿಯ ಪಕ್ಕಕ್ಕೆ ತಂದು ಹತ್ತಿ ಕೂತಳು. ಪೆಡಲ್ ಸಿಕ್ಕಿತು, ನೆಲ ಸಿಗಲಿಲ್ಲ. ಸೀಟು ಪೂರ್ತಿ ಇಳಿಸಿದರೂ ಸಿಗಲಿಲ್ಲ.

"ಯಾವ ಅಳತೆ ಮೇಲೆ ತಂದ್ರಿ?" ಎಂದಳು. ಫೋಟೋ ತೋರಿಸಿದೆ.

ನಕ್ಕು ನಕ್ಕು ಜಗಲಿಗೆ ಕುಸಿದಳು. "ಜೋಡಿ ಸರಿಯಾಗಿ ಕಾಣ್ಲಿ ಅಂತ ಫೋಟೋದವ್ನು ನನ್ ಕಾಲ್ ಕೆಳಗೆ ಮಣೆ ಇಟ್ಟಿದ್ದ. ಸೀರೆ ಮುಚ್ಕೊಂಡಿತ್ತು. ಪಕ್ಕದಲ್ಲೇ ನಿಂತಿದ್ರಲ್ಲ, ನೋಡ್ಲಿಲ್ವಾ?"

"ಕ್ಯಾಮರಾನೇ ನೋಡ್ಬೇಕು ಅಂದಿದ್ನಲ್ಲೇ ಅವ್ನು" ಎಂದೆ.

ಬಸ್ಸು

ಬದಲಾಯಿಸೋಣವೆಂದರೆ ಭಾನುವಾರ ಅಂಗಡಿ ಬಾಗಿಲು ಹಾಕಿತ್ತು. ಸೋಮವಾರ ಬೆಳಗ್ಗೆ ಅವಳು ಅದೇ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೊರಟೇಬಿಟ್ಟಳು. ಹತ್ತಲು ಹಾಸ್ಟೆಲ್ಲಿನ ಜಗಲಿ ಇದೆಯಂತೆ. ಮನೆ ಮತ್ತೆ ಮೊದಲಿನಂತಾಯಿತು. ಗೋಡೆಯ ಮೇಲೆ ಇಬ್ಬರು, ಒಳಗೆ ಒಬ್ಬ.

ಮುಂದಿನ ಶನಿವಾರ ಫೋನ್ ಬರಲಿಲ್ಲ. ಎಲ್ಲೋ ಬಿದ್ದಿದ್ದಾಳೆ, ಬೀಳಿಸಿದವನು ನಾನೇ ಎಂದು ಹೆದರಿ ಕೂತಿದ್ದೆ. ಬಾಗಿಲಲ್ಲಿ ಸೈಕಲ್ ಬೆಲ್ಲು ಕೇಳಿಸಿತು. ಸೈಕಲ್ ತಳ್ಳಿಕೊಂಡು ಅವಳು ನಿಂತಿದ್ದಳು.

"ಬಸ್ ಸಿಕ್ತಾ?"

"ಸ್ಟಾಪಲ್ಲಿ ಕಾಲಿಡೋಕೆ ಒಂದು ಕಲ್ಲೂ ಇಲ್ಲ ಕಣ್ರೀ. ಇಳಿಯೋಕಾಗ್ದೆ ತುಳ್ಕೊಂಡು ಮುಂದಕ್ಕೇ ಹೋಗ್ಬಿಟ್ಟೆ. ಹಿಂದಿನಿಂದ ಬಸ್ ಬಂತು. ಕಂಡಕ್ಟ್ರು ತಲೆ ಹೊರಗ್ ಹಾಕಿ, 'ಹತ್ತಲ್ವೇನಮ್ಮಾ' ಅಂದ. 'ಹತ್ತೋಕೆ ಮೊದ್ಲು ಇಳೀಬೇಕಲ್ಲಪ್ಪಾ, ಕಾಲ್ ಎಟುಕ್ತಿಲ್ಲ' ಅಂದೆ. ಬಸ್ಸಲ್ಲಿದ್ದೋರೆಲ್ಲ ನಿಲ್ಸಿ ನಿಲ್ಸಿ ಅಂದ್ರು. ಡ್ರೈವರ್ ಪಕ್ಕಕ್ಕೇ ತಂದು ನಿಲ್ಸಿದ. ಸೈಕಲ್ಲಿಂದ ಸೀದಾ ಫುಟ್‌ಬೋರ್ಡ್ ಮೇಲೆ ಕಾಲಿಟ್ಟೆ. ಸೈಕಲ್ಲನ್ನ ಕಂಡಕ್ಟ್ರು ಬಸ್ ಮೇಲೆ ಹಾಕ್ದ. ಇನ್ಮೇಲೆ ಶನಿವಾರ ಶನಿವಾರ ನಿನ್ನ ನೋಡ್ಕೊಂಡೇ ಬರ್ತೀನಿ ಕಣಮ್ಮಾ ಅಂತ ಡ್ರೈವರ್ರೇ ಅಂದಿದ್ದಾನೆ."

"ಸೋಮವಾರಾನೇ ಹೋಗಿ ನಿನ್ನ ಅಳತೆದು ತರ್ತೀನಿ" ಎಂದೆ.

ಅವಳು ನನ್ನ ತಟ್ಟೆಯ ಪಕ್ಕದಲ್ಲಿ ತನ್ನದನ್ನು ಹಾಕಿಕೊಂಡು, ಇನ್ನೊಂದು ಮುದ್ದೆಯನ್ನು ಅದಕ್ಕೆ ಹಾಕಿಕೊಂಡಳು.

"ಸುಮ್ನಿರ್ರೀ. ಕಾಲು ನೆಲಕ್ಕೆ ಎಟುಕಿದ್ರೆ ಬಸ್ ಯಾರು ನಿಲ್ಲಿಸ್ತಾರೆ?"