ಚೀನಾದ ಎತ್ತಿಗೂ ಸೋಮವಾರ ರಜೆ

ನನಗೆ ಎಣಿಸುವ ಚಟವಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಬರುವ ಲೆಕ್ಕಗಳನ್ನು ನೋಡಿ ನೀವು ನನ್ನ ಬಗ್ಗೆ ಬೇರೆ ಏನಾದರೂ ಅಂದುಕೊಳ್ಳಬಹುದು. ಕೆಲವರು ಬೀಡಿ ಸೇದುತ್ತಾರೆ, ಕೆಲವರು ಉಗುರು ಕಚ್ಚುತ್ತಾರೆ, ನಾನು ಡೈರಿಯಲ್ಲಿ ಗೆರೆ ಎಳೆಯುತ್ತೇನೆ. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡ. ಆಂಧ್ರ ಗಡಿಯ ನಮ್ಮ ಹಿಂದೂಪುರದಲ್ಲಿ ವಾರಕ್ಕೆ ಎಷ್ಟು ಸಲ ಕರೆಂಟು ಹೋಯಿತು, ಲೇಪಾಕ್ಷಿ ಬಸ್ಸು ಎಷ್ಟು ಸಲ ತಡವಾಯಿತು, ಅಮ್ಮ ಒಂದೇ ಬೈಗುಳವನ್ನು ಎಷ್ಟು ಸಲ ಬಳಸಿದಳು, ಎಲ್ಲಕ್ಕೂ ನನ್ನ ಹತ್ತಿರ ಗೆರೆಗಳಿವೆ. ಇದು ಅಪ್ಪನಿಂದ ಬಂದದ್ದು. ಅಪ್ಪ ಮಗ್ಗದ ಮುಂದೆ ಎಳೆ ಎಣಿಸುವಾಗ ಮನೆಗೆ ಬಂದವರು ಬಾಗಿಲಲ್ಲೇ ನಿಲ್ಲಬೇಕು. ಮಾತಾಡಿಸಿದರೆ ಎಣಿಕೆ ತಪ್ಪಿ ಸೀರೆಯ ಸೆರಗಿನಲ್ಲಿ ನವಿಲಿಗೆ ಮೂರು ಕಾಲು ಬರುತ್ತದೆ. ಒಂದು ಸಲ ಬಂದೂ ಇತ್ತು. ಅಪ್ಪನ ಎಣಿಕೆಯಿಂದ ಕೊನೆಗೊಂದು ಸೀರೆಯಾದರೂ ಸಿಗುತ್ತಿತ್ತು. ನನ್ನ ಎಣಿಕೆಯಿಂದ ಸಿಕ್ಕಿದ್ದು ಎಂಟು ಡೈರಿ.

ಎರಡು ಸಾವಿರದ ಆರನೇ ಇಸವಿಯ ಡೈರಿಯಲ್ಲಿ ಹೆಚ್ಚು ಗೆರೆಗಳಿರುವುದು ಒಂದು ಎತ್ತಿನ ಹೆಸರಿನಲ್ಲಿ. ಆಗ ನಾನು ಒಂದು ಝೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಾಲೀಕರು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ನನಗೆ ಕೊಟ್ಟಿದ್ದರು. ಅದು ನಮ್ಮ ಮಗ್ಗದ ಕೋಣೆಯ ಪಕ್ಕದಲ್ಲಿ ಕೂತು, ಮಗ್ಗಕ್ಕಿಂತ ಜೋರಾಗಿ ಸದ್ದು ಮಾಡುತ್ತಿತ್ತು. ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಬಂದು ನನ್ನ ಜೊತೆ ಕೆಲಸ ಮಾಡುತ್ತಿದ್ದ ನಾಗರಾಜ ಒಂದು ದಿನ ಬೆಂಗಳೂರಿನ ಫುಟ್‌ಪಾತಿನಿಂದ ಒಂದು ಸಿ.ಡಿ. ತಂದುಕೊಟ್ಟ. "ಎಣಿಸೀ ಎಣಿಸೀ ನಿನ್ ತಲೆ ಕೆಟ್ಟೋಗೈತೆ ಕಣ್ಲಾ. ಇದ್ನ ಆಡು. ಸುಮ್ಕೆ ಬೇಸಾಯ ಮಾಡ್ಕೊಂಡು ಇರೋ ಆಟ. ಮನ್ಸು ತಣ್ಣಗಾಯ್ತದೆ" ಅಂದ.

ನಿಜಕ್ಕೂ ತಣ್ಣಗಿನ ಆಟವೇ. ಚೀನಾದ ಹಳೇ ಕಾಲದ ಒಂದು ಹಳ್ಳಿ. ಮೂಲೆ ಮೇಲಕ್ಕೆ ಬಾಗಿದ ಹೆಂಚಿನ ಮನೆಗಳು, ಬಿದಿರ ಮೆಳೆ, ಬಾತುಕೋಳಿ ಈಜುವ ಕುಂಟೆ, ಹಿಂದೆ ಮಂಜು ಕವಿದ ಬೆಟ್ಟ, ಎಲ್ಲಿಂದಲೋ ಕೊಳಲು. ಹುಲ್ಲಿನ ಟೋಪಿ ಹಾಕಿದ ಒಬ್ಬ ಮನುಷ್ಯ, ಅವನೇ ನಾನು. ತೊಂದರೆ ಒಂದೇ, ಅದರಲ್ಲಿ ಬರೆದಿದ್ದೆಲ್ಲ ಚೀನೀ ಅಕ್ಷರದಲ್ಲಿತ್ತು. ಪುಣ್ಯಕ್ಕೆ ಅಂಕಿಗಳು ಮಾತ್ರ ಓದಲು ಬರುವಂಥವು. ಹಾಗಾಗಿ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಒಂದೊಂದಾಗಿ ಒತ್ತಿ, ಡೈರಿಯಲ್ಲಿ ಬರೆದುಕೊಂಡು ಕಲಿಯಬೇಕಾಯಿತು. ಆಟದ ಮೊದಲ ಹನ್ನೊಂದು ದಿನ ನಾನು ನೀರು ಹಾಯಿಸಿದ್ದು ಪಕ್ಕದವನ ಹೊಲಕ್ಕೆ. ಅವನ ಎಲೆಕೋಸು ಬಹಳ ಚೆನ್ನಾಗಿ ಬಂತು. ಹನ್ನೆರಡನೆಯ ದಿನ ಅವನು ಬೇಲಿಯ ಹತ್ತಿರ ಬಂದು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಾಗಲೇ ನನಗೆ ವಿಷಯ ತಿಳಿದದ್ದು.

ಯಾರಾದರೂ ಏನಾದರೂ ಕೇಳಿದರೆ ಎರಡು ಗುಂಡಿಗಳು ಬರುತ್ತಿದ್ದವು, ಒಂದು ಹಸಿರು, ಒಂದು ಕೆಂಪು. ಹಸಿರು ಅಂದರೆ ಹೂಂ, ಕೆಂಪು ಅಂದರೆ ಉಹೂಂ. ಹಸಿರು ಒತ್ತಿದಾಗಲೆಲ್ಲ ಬೀಜವೋ ಮೊಟ್ಟೆಯೋ ಸಿಕ್ಕಿತ್ತು. "ಹಸಿರು ಒತ್ತಿದರೆ ಯಾವಾಗಲೂ ಒಳ್ಳೆಯದು" ಎಂದು ಡೈರಿಯಲ್ಲಿ ಬರೆದು, ಎರಡು ಸಲ ಅಡಿಗೆರೆ ಹಾಕಿದ್ದೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ. ನಾನು ಇದನ್ನು ಮರೆಯಬೇಕೆಂದು ಎಷ್ಟೋ ಸಲ ಪ್ರಯತ್ನಿಸಿದ್ದೇನೆ.

ಬೆಳೆ ಬರಲು ಇಪ್ಪತ್ತೆಂಟು ದಿನ. ಅಲ್ಲಿನ ಒಂದು ದಿನ ಅಂದರೆ ನಮ್ಮ ಹತ್ತು ನಿಮಿಷ. ಮೊದಲ ದಿನ ಊರಿನ ಬಿಳಿ ಗಡ್ಡದ ಯಜಮಾನ ಒಂದು ಎತ್ತನ್ನು ತಂದು ಅಂಗಳದಲ್ಲಿ ಕಟ್ಟುತ್ತಾನೆ. ಕೊನೆಯ ದಿನ ಬಂದು ಮೂಟೆ ಎಣಿಸುತ್ತಾನೆ. ಅರವತ್ತು ಇದ್ದರೆ ಎತ್ತು ನಮ್ಮದು, ಕಡಿಮೆಯಾದರೆ ಹಗ್ಗ ಬಿಚ್ಚಿ ಹೊಡೆದುಕೊಂಡು ಹೋಗುತ್ತಾನೆ. ನನ್ನ ಡೈರಿಯ ಪ್ರಕಾರ ಎತ್ತು ಎರಡು ಸಲ ಹೋಗಿತ್ತು, ಒಂದು ಸಲ ನಲವತ್ತೊಂದು ಮೂಟೆಗೆ, ಇನ್ನೊಂದು ಸಲ ಐವತ್ತಮೂರಕ್ಕೆ. ಮೂರನೆಯ ಸಲಕ್ಕೆ ನಾನು ದಿನದಿನದ ಪಟ್ಟಿ ಮಾಡಿಟ್ಟುಕೊಂಡು ತಯಾರಾಗಿದ್ದಾಗ ಅಜ್ಜಿ ಬಂದಳು.

ಅಜ್ಜಿ ಅಮ್ಮನ ತಾಯಿ. ಕಲ್ಯಾಣದುರ್ಗದ ಆಚೆ ಬೆಳುಗುಪ್ಪದ ಹತ್ತಿರ ಅವರ ಹೊಲ. ಕಣದಲ್ಲಿ ಕಡಲೇಕಾಯಿ ತುಳಿದು ಜಾರಿ ಮಂಡಿ ಉಳುಕಿಸಿಕೊಂಡಿದ್ದಳು. ಮಾವ ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ನಮ್ಮ ಮನೆಯಲ್ಲಿ ಇಳಿಸಿ ಹೋದ. ಡಾಕ್ಟರು ಮಂಡಿಗೆ ಪಟ್ಟಿ ಸುತ್ತಿ, "ಅವ್ವಾ, ನೆಲ ರೋಜುಲು ನಡವೊದ್ದು" ಅಂದರು. ಒಂದು ತಿಂಗಳು ನಡೆಯಬಾರದು ಎಂದು ಅಜ್ಜಿಗೆ ಹೇಳುವುದು, ಮಗ್ಗಕ್ಕೆ ಸದ್ದು ಮಾಡಬೇಡ ಅಂದ ಹಾಗೆ. ಮೂರು ದಿನ ಕೂತಲ್ಲಿಂದಲೇ ಅಮ್ಮನ ಸಾರಿಗೆ ಉಪ್ಪು ಹೇಳಿದಳು, ಅಪ್ಪನಿಗೆ ಎಳೆ ಹೇಳಿದಳು. ನವಿಲಿನ ಕಾಲುಗಳ ಕ್ಷೇಮಕ್ಕಾಗಿ ಅಪ್ಪ ಅವಳ ಕುರ್ಚಿಯನ್ನು ಎತ್ತಿ ತಂದು ನನ್ನ ಕಂಪ್ಯೂಟರ್ ಪಕ್ಕ ಇಟ್ಟ.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರ ಹೊಲ ಕಣ್ಲಾ ಅದು?"

"ಚೀನಾದವರದ್ದು ಅಜ್ಜಿ."

"ಮತ್ತೆ ನೀನ್ಯಾಕ್ಲಾ ಗೇಯ್ತಿದೀಯ ಅಲ್ಲಿ?"

ಅಜ್ಜಿ ಉತ್ತರಕ್ಕೆ ಕಾಯಲಿಲ್ಲ. "ಈವತ್ತು ಏನ್ ವಾರ ಅಲ್ಲಿ?" ಅಂತ ಕೇಳಿದಳು. ಪರದೆಯ ಮೇಲಿನ ಅಂಚಿನಲ್ಲಿ ಏಳು ಕಾಗದದ ಲಾಂದ್ರಗಳಿದ್ದವು, ದಿನಕ್ಕೊಂದು ಹತ್ತುತ್ತಿತ್ತು. ಮೊದಲನೆಯದನ್ನು ಭಾನುವಾರ ಅಂದುಕೊಂಡಿದ್ದೇನೆ, ಈಗ ಎರಡನೆಯದು ಹತ್ತಿದೆ ಎಂದು ವಿವರಿಸಿದೆ. ನನ್ನ ಅಚ್ಚುಕಟ್ಟನ್ನು ಮೆಚ್ಚಿಕೊಳ್ಳಲಿ ಎಂಬ ಆಸೆ. ಅಜ್ಜಿ ಕುರ್ಚಿಯಲ್ಲೇ ನೆಟ್ಟಗಾದಳು.

"ಅಂಗಾರೆ ಸೋಮವಾರ. ಬಿಚ್ಲಾ ಎತ್ತು."

ಸೋಮವಾರ ಬಸವಣ್ಣನ ದಿನ. ಅಜ್ಜಿಯ ಊರಿನಲ್ಲಿ ಅವತ್ತು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಳೆ ಬಿದ್ದ ನೆಲದ ಹದ ಆರಿಹೋದರೂ ಇಲ್ಲ. ನನಗೂ ಗೊತ್ತಿದ್ದದ್ದೇ. ಆದರೆ ಈ ಪದ್ಧತಿಗೆ ಬೆಳುಗುಪ್ಪದಿಂದ ಚೀನಾದವರೆಗೆ ನಡೆದು ಹೋಗುವ ಕಾಲಿದೆ ಅಂತ ನಾನು ಅಂದುಕೊಂಡಿರಲಿಲ್ಲ. ಅಲ್ಲದೆ, ಹತ್ತು ನಿಮಿಷಕ್ಕೊಂದು ದಿನವಾದ್ದರಿಂದ ಅಲ್ಲಿ ಒಂದು ಗಂಟೆ ಹತ್ತು ನಿಮಿಷಕ್ಕೊಂದು ಸೋಮವಾರ ಬರುತ್ತಿತ್ತು. ಇಪ್ಪತ್ತೆಂಟು ದಿನದಲ್ಲಿ ನಾಲ್ಕು ಹೋದರೆ ನನ್ನ ಪಟ್ಟಿ ಪೂರ್ತಿ ಕೆಡುತ್ತದೆ. ನಾನು ವಾದಕ್ಕಿಳಿದೆ.

"ಇದು ಎತ್ತಲ್ಲ ಅಜ್ಜಿ, ಕೋಣ. ಕೋಣಕ್ಕೆ ಸೋಮವಾರ ಇಲ್ವಲ್ಲ? ನೋಡು ಬೇಕಾದ್ರೆ, ಹೆಗಲ ಮೇಲೆ ಇಣಿಲೇ ಇಲ್ಲ."

ನಮ್ಮ ಕಡೆಯ ಎತ್ತುಗಳಿಗೆ ಹೆಗಲ ಮೇಲೆ ಗೋಪುರದ ಹಾಗೆ ಉಬ್ಬಿ ನಿಲ್ಲುವ ಇಣಿಲು ಇದಕ್ಕೆ ಇಲ್ಲದೇ ಇದ್ದದ್ದು ನಿಜ. ಬೆನ್ನು ಬೆಂಚಿನ ಹಾಗೆ ಸಪಾಟು. ಅಜ್ಜಿ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಎತ್ತೇ ಕಣಪ್ಪ. ಸೋಮವಾರಾನೂ ಬಿಡ್ದಂಗೆ ಹೂಡಿ ಹೂಡಿ, ನೊಗ ಉಜ್ಜಿ, ಇಣಿಲು ಸವೆದೋಗೈತೆ. ಪಾಪಂ. ಎಂಥಾ ಜನ ಕೈಗೆ ಸಿಕ್ಬುಟ್ಟೈತೆ ನೋಡು."

ನಾನು ಎತ್ತನ್ನು ಬಿಚ್ಚಿದೆ. ಅದು ಬಿದಿರ ಮೆಳೆಯ ನೆರಳಿಗೆ ಹೋಗಿ ಮೆಲುಕು ಹಾಕತೊಡಗಿತು. ಸರಿ, ಕೈಕಟ್ಟಿ ಕೂತರೆ ಅರವತ್ತು ಮೂಟೆ ಹೇಗೆ ಬರುತ್ತದೆ ಎಂದು ಕೇಳಿದೆ.

"ರಜೆ ಎತ್ತಿಗೆ ಕಣ್ಲಾ, ನಿಂಗಲ್ಲ. ಗುದ್ದಲಿ ಇಲ್ವಾ ನಿನ್ ತಾವ?"

ಇತ್ತು. ಎತ್ತಿದ್ದರೆ ಒಂದು ಸಲ ಒತ್ತಿದರೆ ಒಂದು ಸಾಲು ಉಳುವುದಾಗುತ್ತದೆ. ಗುದ್ದಲಿಯಲ್ಲಾದರೆ ಒಂದು ಮಡಿಗೆ ಇಪ್ಪತ್ತು ಸಲ ಒತ್ತಬೇಕು. ಪಟ್ಟಿ ಉಳಿಯಬೇಕಾದರೆ ಸೋಮವಾರಕ್ಕೆ ಹದಿನಾರು ಮಡಿ, ಅಂದರೆ ಮುನ್ನೂರಿಪ್ಪತ್ತು ಸಲ. ಮೊದಲ ಸೋಮವಾರ ಮುಗಿಯುವಷ್ಟರಲ್ಲಿ ನನ್ನ ತೋರುಬೆರಳು ಬದನೆಕಾಯಿಯಾಗಿತ್ತು. ಅಜ್ಜಿ ತನ್ನ ಮಂಡಿಗೆ ಕೊಟ್ಟಿದ್ದ ಮುಲಾಮನ್ನೇ ಅದಕ್ಕೂ ಸವರಿದಳು. ಮುಖದಲ್ಲಿ ಕನಿಕರ ಅಷ್ಟೇನೂ ಇರಲಿಲ್ಲ.

ಅಂದಿನಿಂದ ನಾನು ಅಂಗಡಿಯಿಂದ ಬರುವುದನ್ನೇ ಅಜ್ಜಿ ಕಾಯುತ್ತಿದ್ದಳು. ಕರೆಂಟು ಕೈಕೊಡದ ಸಂಜೆ ಸಿಗುತ್ತಿದ್ದದ್ದು ವಾರಕ್ಕೊಂದು. ಅವತ್ತು ಅಲ್ಲಿನ ಒಂದು ವಾರದ ಆಟ, ಅಷ್ಟು ಹೊತ್ತೂ ಉಪದೇಶ. ಪರದೆಯ ಮೇಲೆ ಗುಬ್ಬಿ ಬಂದರೆ "ಹುಶ್" ಅನ್ನುತ್ತಾ ಸೆರಗು ಬೀಸುತ್ತಿದ್ದಳು. ಎತ್ತಿಗೆ ಕೆಂದ ಎಂದು ಹೆಸರಿಟ್ಟಳು. ಪಕ್ಕದ ಮನೆಯ ತೆಲುಗಿನವರು ನೋಡಲು ಬಂದಾಗ, "ಮಾ ಮನವಡು ಚೀನಾಲೋ ಸೇದ್ಯಂ ಚೇಸ್ತುನ್ನಾಡು" ಅಂದಳು. ಮೊಮ್ಮಗ ಚೀನಾದಲ್ಲಿ ಬೇಸಾಯ ಮಾಡುತ್ತಿದ್ದಾನೆ ಅಂತ. ಆಯಮ್ಮ ಸ್ವಲ್ಪವೂ ಆಶ್ಚರ್ಯಪಡದೆ, "ಅಕ್ಕಡ ನೀಳ್ಳು ಉನ್ನಾಯಾ?" ಎಂದು ಕೇಳಿದರು. ನಮ್ಮ ಕಡೆಯವರು ಚಂದ್ರನ ವಿಷಯ ಬಂದರೂ ಮೊದಲು ಕೇಳುವುದು ಅಲ್ಲಿ ನೀರಿದೆಯಾ ಅಂತಲೇ.

ಕೆಂದ ಎನ್ನುವ ಹೆಸರು ಎಲ್ಲಿಂದ ಬಂತು ಎಂದು ಹೇಳಿದ್ದು ಅಮ್ಮ. ಮಾವ ಹಿಂದಿನ ವರ್ಷ ಸೆಕೆಂಡ್ ಹ್ಯಾಂಡ್ ಟ್ರಾಕ್ಟರ್ ತಂದು, ಮನೆಯ ಜೋಡೆತ್ತನ್ನು ಕೊಟ್ಟುಬಿಟ್ಟಿದ್ದ. ಅದರಲ್ಲಿ ಬಲಗಡೆಯದು ಕೆಂದ. ಅವತ್ತಿನಿಂದ ಅಜ್ಜಿ ಟ್ರಾಕ್ಟರಿನ ಕಡೆ ತಿರುಗಿಯೂ ನೋಡಿಲ್ಲವಂತೆ. ಇದನ್ನು ಕೇಳಿದ ಮೇಲೆ ನಾನು ಕೋಣದ ವಾದವನ್ನು ಬಿಟ್ಟುಬಿಟ್ಟೆ. ಆ ಸಂಜೆ ಅಜ್ಜಿ ಪರದೆಯ ಮೇಲಿನ ಯಜಮಾನನನ್ನು ನೋಡುತ್ತಾ, "ಇನ್ನೊಂದ್ ಸಲ ನನ್ ಕಣ್ಮುಂದೆ ಯಾರೂ ಎತ್ತು ಹೊಡ್ಕೊಂಡು ಹೋಗಬಾರ್ದು ಕಣ್ಲಾ" ಅಂದಳು. ಜೋರಾಗೇನೂ ಹೇಳಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಅಜ್ಜಿಯನ್ನು ಕರೆದುಕೊಂಡು ಹೋಗಲು ಮಾವ ಬರುವ ಹಿಂದಿನ ದಿನ ಅಲ್ಲಿ ಇಪ್ಪತ್ತೆಂಟನೆಯ ದಿನ ಬಂತು. ನಾಲ್ಕು ಸೋಮವಾರ, ಸಾವಿರದ ಇನ್ನೂರ ಎಂಬತ್ತು ಗುದ್ದಲಿ ಏಟು. ಮೂಟೆಗಳು ಅರವತ್ತೊಂದು. ನಾನು ಎರಡು ಸಲ ಎಣಿಸಿದೆ, ಅಜ್ಜಿ ಒಂದು ಸಲ ಬೆರಳು ಮಡಿಸಿ ಎಣಿಸಿದಳು. ಅಪ್ಪ ಕೂಡ ಮಗ್ಗ ನಿಲ್ಲಿಸಿ ಬಂದು ನಿಂತ. ಯಜಮಾನ ಬಂದ, ಮೂಟೆ ನೋಡಿದ, ಗಡ್ಡ ನೀವಿಕೊಂಡು ನಕ್ಕ. ಆಮೇಲೆ ಉದ್ದಕ್ಕೆ ಏನೋ ಹೇಳಿದ, ನಾಲ್ಕು ಸಾಲು ಅಕ್ಷರ. ಕೆಳಗೆ ಎರಡು ಗುಂಡಿ. ನಾನು ಡೈರಿಯ ಅಡಿಗೆರೆಯನ್ನು ನೆನೆದು, ಹೆಮ್ಮೆಯಿಂದ ಹಸಿರು ಒತ್ತಿದೆ.

ಯಜಮಾನ ನಮಸ್ಕಾರ ಮಾಡಿ, ಕೆಂದನ ಹಗ್ಗ ಬಿಚ್ಚಿ, ಹೊಡೆದುಕೊಂಡು ಹೊರಟುಹೋದ. ಅದು ನಿಂತಿದ್ದ ಜಾಗದಲ್ಲಿ ಫಳಫಳ ಹೊಳೆಯುವ ಒಂದು ಕೆಂಪು ಯಂತ್ರ ಬಂದು ನಿಂತಿತು. ಎರಡು ಚಕ್ರ, ಹಿಡಿದು ತಳ್ಳಲು ಎರಡು ಹಿಡಿ. ಉಳುವ ಯಂತ್ರ. ಮೂಟೆ ಹೆಚ್ಚಾಗಿ ಬಂದವರಿಗೆ ಬಹುಮಾನ, ಎತ್ತು ಕೊಟ್ಟು ತಗೊಳ್ಳುತ್ತೀಯಾ ಎಂದು ಅವನು ಕೇಳಿದ್ದಿರಬೇಕು. ನಾನು ಹೂಂ ಅಂದಿದ್ದೆ.

ಅಜ್ಜಿ ಆ ಯಂತ್ರವನ್ನು ಬಹಳ ಹೊತ್ತು ನೋಡಿ, "ಬುಡು. ನೀನೂ ನಿಮ್ ಮಾವನಂಗೇ ಆದೆ" ಅಂದು ಗೋಡೆಯ ಕಡೆ ತಿರುಗಿ ಕೂತಳು. ಅಪ್ಪ ನನ್ನನ್ನು ನೋಡಿದ ನೋಟ, ಮೂರು ಕಾಲಿನ ನವಿಲನ್ನು ನೋಡಿದಾಗಿನದೇ.

ಆಟವನ್ನು ಉಳಿಸಿಡಲು ಒಂದು ದಾರಿ ಇತ್ತು. ಆದರೆ ಆ ಮುದಿ ಕಂಪ್ಯೂಟರ್ ಅದಕ್ಕೆ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದರಿಂದ ನಾನು ವಾರಕ್ಕೊಂದು ದಿನ, ಅಲ್ಲಿನ ಭಾನುವಾರ, ಎಂದು ನಿಯಮ ಮಾಡಿಕೊಂಡಿದ್ದೆ. ಕೊನೆಯ ಭಾನುವಾರಕ್ಕೆ ವಾಪಸ್ಸು ಹೋಗಬಹುದು. ಅದರ ಮರುದಿನ ಯಾವ ವಾರವೆಂದು ನಿಮಗೆ ಗೊತ್ತೇ ಇದೆ. "ಅಜ್ಜಿ, ಇದೊಂದು ಸಲ ಎತ್ತು ಹೂಡ್ಲಾ? ಅದು ಆಗಲೇ ಒಂದು ಸಲ ಈ ಸೋಮವಾರ ರಜೆ ತಗೊಂಡಿದೆ" ಎಂದು ಮೆಲ್ಲಗೆ ಕೇಳಿ ನೋಡಿದೆ. ಅಜ್ಜಿ ಗೋಡೆಯ ಕಡೆಯಿಂದಲೇ ಮುಲಾಮಿನ ಡಬ್ಬಿಯನ್ನು ಹಿಂದಕ್ಕೆ ನೀಡಿದಳು.

ಮುನ್ನೂರಿಪ್ಪತ್ತು ಏಟು ಮತ್ತೆ. ಒಟ್ಟು ಸಾವಿರದ ಆರುನೂರು. ಕರೆಂಟು ಹೋಗಲಿಲ್ಲ, ಅದೊಂದು ಪವಾಡ. ಯಜಮಾನ ಮತ್ತೆ ಬಂದ, ಮತ್ತೆ ನಕ್ಕ, ಮತ್ತೆ ನಾಲ್ಕು ಸಾಲು ಹೇಳಿದ. ಅಜ್ಜಿ ತಾನೇ ಕೈ ಚಾಚಿ, ನನ್ನ ಊದಿದ ಬೆರಳನ್ನು ಹಿಡಿದು ಕೆಂಪಿನ ಮೇಲೆ ಅದುಮಿದಳು. ಯಜಮಾನ ಭುಜ ಕುಣಿಸಿ ಹೊರಟುಹೋದ. ಕೆಂದ ಮೆಲುಕು ಹಾಕುತ್ತಾ ಅಲ್ಲೇ ನಿಂತಿತ್ತು. ಮಾರನೆಯ ದಿನ ಬಸ್ಸು ಹತ್ತುವಾಗ ಅಜ್ಜಿ, "ಬತ್ತೀನಿ ಕಣಪ್ಪ. ಹುಲ್ಲು ಹಾಕು, ಮರೀಬ್ಯಾಡ" ಅಂದಳು. ನಮ್ಮ ಮನೆಯಲ್ಲಿ ಎತ್ತಿಲ್ಲವೆಂದು ಗೊತ್ತಿದ್ದ ಮಾವ ಗಾಬರಿಯಿಂದ ನನ್ನ ಮುಖ ನೋಡಿದ.

ಎರಡು ವಾರದ ನಂತರ ಮಾವ ಅಂಗಡಿಗೆ ಫೋನು ಮಾಡಿದ.

"ಏನ್ ಅಳಿಯಾ, ಮುದುಕಿ ತಲೆಗೆ ಏನ್ ತುಂಬಿ ಕಳ್ಸಿದೀಯ? ಸೋಮವಾರ ಟ್ರಾಕ್ಟರು ಆಚೆ ತೆಗೀಬಾರ್ದಂತೆ. ಅದ್ರ ಮುಂದೆ ಕುರ್ಚಿ ಹಾಕ್ಕಂಡು ಕುಂತ್ಬುಟ್ಟವ್ಳೆ."

"ಮತ್ತೆ ನೀನೇನ್ ಮಾಡ್ತಿದೀಯ ಮಾವ?"

"ಏನ್ ಮಾಡ್ಲಿ? ಗುದ್ದಲಿ ತಗಂಡಿದೀನಿ."

ನಾನು ಡೈರಿ ತೆಗೆದು ಲೆಕ್ಕ ಹಾಕಿದೆ. ಚೀನಾದ ಎತ್ತಿಗೆ ಸೋಮವಾರ ರಜೆ. ಬೆಳುಗುಪ್ಪದ ಟ್ರಾಕ್ಟರಿಗೆ ಸೋಮವಾರ ರಜೆ. ನನ್ನ ಮುಂದೆ ಟೈಪು ಮಾಡಬೇಕಾದ ಮದುವೆ ಪತ್ರಿಕೆಗಳು ಏಳು. ಅಜ್ಜಿಗೆ ಫೋನು ಕೊಡು ಅಂದೆ. ನನಗೂ ವಾರಕ್ಕೊಂದು ಸೋಮವಾರ ಬಿಡುವು ಬೇಕು ಅನ್ನಿಸುತ್ತಿದೆ, ನೀನು ಹೂಂ ಅಂದರೆ ಮಾಲೀಕರನ್ನು ಕೇಳುವ ಧೈರ್ಯ ಬರುತ್ತದೆ ಎಂದು ಹೇಳಿದೆ.

"ನಿಂಗ್ಯಾಕ್ಲಾ ರಜೆ? ಇಣಿಲು ಐತಾ?"

ಫೋನು ಇಟ್ಟ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕುತ್ತಿಗೆಯ ಹಿಂದೆ ಕೈಯಾಡಿಸಿದೆ. ಕಂಪ್ಯೂಟರಿನ ಮುಂದೆ ಬಗ್ಗಿ ಕೂತು ಕೂತು ಹೆಗಲ ನಡುವೆ ಏನೋ ಸಣ್ಣಗೆ ಎದ್ದ ಹಾಗಿತ್ತು. ಸ್ಕೇಲು ತಗೊಂಡೆ. ಅವತ್ತಿನ ಪುಟದಲ್ಲಿ ಹೀಗಿದೆ: ಇಣಿಲು, ಸುಮಾರು ಕಾಲು ಅಂಗುಲ. ಅಂದಿನಿಂದ ತಿಂಗಳಿಗೊಮ್ಮೆ ಅಳೆಯುತ್ತಿದ್ದೇನೆ.