ಮೂರು ಸೀಟಿಯ ಆಪತ್ತು

ಫೆಬ್ರವರಿ ಎರಡು, ಭಾನುವಾರ, ಬೆಳಿಗ್ಗೆ ಏಳೂ ಹತ್ತಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಅಡುಗೆಮನೆಯಲ್ಲಿ ಕುಕ್ಕರ್ ಈಗಷ್ಟೇ ಒಂದು ಸೀಟಿ ಹೊಡೆಯಿತು, ನನ್ನ ಎದೆ ಢವಢವ ಅನ್ನುತ್ತಿದೆ. ಆಪತ್ತು ಬಂದ ಮೇಲೆ ಓಡಾಡುವವರು ಬೇರೆ, ಬರುವ ಮೊದಲೇ ಅದಕ್ಕೆ ಕುರ್ಚಿ ಹಾಕಿ ಕಾಯುವವರು ಬೇರೆ. ನಾನು ಕುರ್ಚಿ ಹಾಕುವವಳು.

ಮನೆಮಂದಿಯೆಲ್ಲ ಒಂದು ರಾತ್ರಿ ಊರಾಚೆ ಡೇರೆಯಲ್ಲಿ ಮಲಗಬೇಕೆಂಬುದು ನನ್ನ ಎರಡು ವರ್ಷದ ಆಸೆ. ಮುದ್ದೇಬಿಹಾಳದ ಸೋದರಮಾವ ತಂಗಡಗಿ ದಾಟಿ ಕೃಷ್ಣೆಯ ದಂಡೆಯಲ್ಲಿ ತನ್ನ ಗೆಳೆಯನ ಹೊಲ ಗೊತ್ತುಮಾಡಿದ. ಅಪ್ಪ ನನ್ನನ್ನು ನೋಡಿ ನಕ್ಕ. "ನಮ್ಮಪ್ಪ ಸುಗ್ಗ್ಯಾಗ ಹೊಲದಾಗ ಮಲಗ್ತಿದ್ದ. ಅದಕ್ಕ ಕ್ಯಾಂಪಿಂಗ್ ಅಂತಿದ್ದಿಲ್ಲ ತಂಗಿ, ಕಾವಲ ಅಂತಿದ್ರು." ಅವ್ವ ನಗಲಿಲ್ಲ. ಅಲ್ಲಿ ಮೊಬೈಲಿಗೆ ರೇಂಜ್ ಇಲ್ಲವೆಂದು ಮಾವ ಬಾಯಿ ಬಿಟ್ಟಿದ್ದ. "ಯಾರಿಗರ ಏನರ ಆದ್ರ ಸುದ್ದಿ ಹೆಂಗ ಮುಟ್ಟಬೇಕು? ಮುಟ್ಟೂ ಹಂಗ ಮಾಡಿದ್ರ ಬರ್ತೇನಿ. ಒಮ್ಮಿ ತಪ್ಪಿತಂದ್ರ ಡೇರೆ ಅನ್ನೂ ಮಾತ ಈ ಮನ್ಯಾಗ ಎತ್ತಬ್ಯಾಡ" ಅಂದಳು.

ಅಂದಿನಿಂದ ನನ್ನ ದಿನಚರಿಯಲ್ಲಿ ಬೇರೆ ವಿಷಯವೇ ಇಲ್ಲ. ಮೊದಲು ಉಪಗ್ರಹ ಫೋನಿನ ಬಗ್ಗೆ ಓದಿದೆ. ನಮ್ಮ ದೇಶದಲ್ಲಿ ಅದನ್ನು ಸರ್ಕಾರದ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲವಂತೆ. ಆಪತ್ತಿಗೆಂದು ತಂದ ಫೋನಿನಿಂದ ಪೊಲೀಸ್ ಠಾಣೆ ಸೇರುವುದು ಬೇಡವೆಂದು ಆ ಹೆಸರು ಹೊಡೆದುಹಾಕಿದೆ. ಆಮೇಲೆ ಸಿಂದಗಿಯ ಗೆಳತಿಯಿಂದ ಒಂದು ಜೊತೆ ವಾಕಿಟಾಕಿ ತಂದೆ. ಒಂದನ್ನು ಮಾಳಿಗೆ ಮೇಲಿದ್ದ ಅವ್ವನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಓಣಿಯ ತುದಿಗೆ ಹೋಗಿ, ಓದಿದ ಪ್ರಕಾರವೇ ಹೇಳಿದೆ: "ಅವ್ವಾ, ಕೇಳಸಾಕತ್ತೈತೇನು? ಓವರ್."

"ಯಾರಿಗೆ ಓವರ್ ಅಂತಿ? ವಾರದಿಂದ ಓವರ್ ಮಾಡಾಕತ್ತಾಕಿ ನೀನು!"

ಗುಂಡಿ ಬಿಟ್ಟರೆ ಮಾತ್ರ ಆಚೆಯ ಮಾತು ಕೇಳುತ್ತದೆ. ಅವ್ವ ಬಿಡಲಿಲ್ಲ. ನನ್ನ ಹಟ, ಅಪ್ಪನ ಸಲಿಗೆ, ಒಣಹಾಕಿದ ಮೆಣಸಿನಕಾಯಿ, ಎಲ್ಲ ಹೇಳಿ ಮುಗಿಸಿ, "ನೀ ಯಾಕ ಮಾತಾಡವಲ್ಲಿ?" ಎಂದು ಕೇಳಿದಳು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ವಾಕಿಟಾಕಿ ಮರಳಿ ಸಿಂದಗಿಗೆ ಹೋಯಿತು.

ಕೊನೆಗೆ ಉಳಿದದ್ದು ಪ್ಲಾಸ್ಟಿಕ್ ಸೀಟಿ. ಬ್ಯಾಟರಿ ಬೇಡ, ಪರವಾನಗಿ ಬೇಡ. ಉದ್ದಕ್ಕೆ ಮೂರು ಸಲ ಊದಿದರೆ ಆಪತ್ತು ಎಂದರ್ಥ; ಇದನ್ನು ಎಲ್ಲ ಕಡೆ ಒಪ್ಪುತ್ತಾರೆ ಎಂದು ವಿವರಿಸಿದೆ. "ಮೂರು ಸೀಟಿ ಹೌದಲ್ಲ? ತಿಳೀತು" ಎಂದು ಅವ್ವ ತಕ್ಷಣ ಒಪ್ಪಿದಳು. ಎಷ್ಟು ಬೇಗ ತಿಳಿಯಿತೆಂದು ನನಗೆ ಹೆಮ್ಮೆಯಾಯಿತು. ಆಗಲೇ ಅನುಮಾನ ಬರಬೇಕಿತ್ತು.

ಕಳೆದ ವಾರ ಹೊರಟೇಬಿಟ್ಟೆವು. ಬಸವನ ಬಾಗೇವಾಡಿಯಲ್ಲಿ ಚಹಾ ಕುಡಿದು, ಮುದ್ದೇಬಿಹಾಳದಲ್ಲಿ ಮಾವನನ್ನು ಹತ್ತಿಸಿಕೊಂಡು, ಸಂಜೆಯೊಳಗೆ ದಂಡೆ ಸೇರಿದೆವು. ಡೇರೆ ಎದ್ದಿತು. ಎಲ್ಲಿ ನಿಂತರೆ ಎಷ್ಟು ರೇಂಜ್ ಎಂದು ಬರೆದಿಡಲು ನಾನು ಮೊಬೈಲ್ ಎತ್ತಿ ಹಿಡಿದು ನೀರಿನ ಕಡೆಗೆ ನಡೆದೆ. ಕಣ್ಣು ಮೊಬೈಲಿನ ಮೇಲೆ, ಕಾಲು ಕೆಸರಿನೊಳಗೆ. ಹೊಳೆ ಹಿಂದೆ ಸರಿದು ಬಿಟ್ಟ ಕರಿ ಕೆಸರು ಮೊಣಕಾಲು ನುಂಗಿತು. ಎಳೆದಷ್ಟೂ ಇಳಿಯುತ್ತಿತ್ತು. ಹೆದರಿಕೆಯಾಯಿತು, ಆದರೂ ನಿಯಮ ಮರೆಯಲಿಲ್ಲ. ಉದ್ದಕ್ಕೆ ಮೂರು ಸಲ ಊದಿದೆ.

ಯಾರೂ ಬರಲಿಲ್ಲ. ಆ ಹೊತ್ತಿಗೆ ಡೇರೆಯ ಬಳಿ ಏನಾಯಿತೆಂದು ಮಾವ ಆಮೇಲೆ ಹೇಳಿದ. ಅಪ್ಪನಿಗೆ ಬೇಳೆ ಇಡಲು ಹೇಳಿ ಅವ್ವ ಡೇರೆಯೊಳಗೆ ಹಾಸಿಗೆ ಹಾಸುತ್ತಿದ್ದಳಂತೆ. ನನ್ನ ಮೂರನೆಯ ಸೀಟಿಗೆ ಒಳಗಿನಿಂದಲೇ, "ಏನ್ರೀ, ಮೂರು ಆತು, ಇಳಸ್ರಿ" ಅಂದಳು. ಮಾವನ ಜೊತೆ ಹರಟೆಗೆ ಬಿದ್ದಿದ್ದ ಅಪ್ಪ ರೂಢಿಯಂತೆ "ಹೂಂ" ಅಂದ. ನಾನು ನಿಯಮ ಬಿಟ್ಟು ನಾಲ್ಕನೆಯದು, ಐದನೆಯದು ಊದಿದೆ. "ಬ್ಯಾಳಿ ಹೊತ್ತಿ ಹೋಗ್ತೈತಿ, ಕಿವಿ ಅದಾವೋ ಇಲ್ಲೋ!" ಎಂದು ಅವ್ವ ಹೊರಗೆ ಬಂದಳು. ಕುಕ್ಕರ್ ಇನ್ನೂ ಚೀಲದಲ್ಲೇ ಇತ್ತು.

"ಹಂಗಾದ್ರ ಸೀಟಿ ಹೊಡದಾವ್ರು ಯಾರು?"

ಎಲ್ಲರಿಗಿಂತ ಮೊದಲು ಓಡಿ ಬಂದವಳು ಅವಳೇ. ಡೇರೆಯ ಹಗ್ಗ ಎಸೆದರು, ಮೂವರೂ ಸೇರಿ ಎಳೆದರು. ನಾನು ಬಂದೆ, ಬಲಗಾಲಿನ ಚಪ್ಪಲಿ ಬರಲಿಲ್ಲ. "ಸುದ್ದಿ ಮುಟ್ಟಿತಲ್ಲವ್ವಾ?" ಎಂದು ಮೆಲ್ಲಗೆ ಕೇಳಿದೆ.

"ಮುಟ್ಟಿದ್ದು ನಿಂದಲ್ಲ, ಬ್ಯಾಳೀದು" ಅಂದಳು. ಆದರೆ ಆ ರಾತ್ರಿ ಡೇರೆಯಲ್ಲಿ ಮೊದಲು ಗೊರಕೆ ಹೊಡೆದವಳೂ ಅವಳೇ. ಬೆಳಿಗ್ಗೆ ಹೊಳೆ ನೋಡುತ್ತ, ಸೀಟಿಯ ಲೆಕ್ಕ ಸರಿ ಮಾಡಿದರೆ ಮತ್ತೊಮ್ಮೆ ಬರುತ್ತೇನೆಂದಳು.

ಅದನ್ನೇ ಮಾಡುತ್ತಿದ್ದೇನೆ. ನಮ್ಮ ಮನೆಯಲ್ಲಿ ಎರಡು ಸೀಟಿ ಅನ್ನಕ್ಕೆ, ಮೂರು ಬೇಳೆಗೆ, ನಾಲ್ಕು ಆಲೂಗಡ್ಡೆಗೆ, ಐದು ಹೆಸರಿಗೆ, ಆರು ಕಡಲೆಗೆ. ಆಪತ್ತಿಗೆ ಉಳಿದದ್ದು ಏಳು. ಅಷ್ಟು ಊದುವ ಹೊತ್ತಿಗೆ ನಾನು ಸೊಂಟದವರೆಗೆ ಇಳಿದಿರುತ್ತೇನೆ, ಇರಲಿ. ಅಡುಗೆಮನೆಗೆ ಸಂಬಂಧವೇ ಇಲ್ಲದ, ಅವ್ವನಿಗೂ ಅರ್ಥವಾಗುವ ಸಾಧನ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ತಡ ಮಾಡಬೇಡಿ. ಅಪ್ಪ ನಿನ್ನೆ ಒಂದು ಕಿಲೋ ರಾಜ್ಮಾ ತಂದಿದ್ದಾನೆ, ಅದಕ್ಕೆ ಏಳು ಸೀಟಿ ಬೇಕಂತೆ.