ಮೀಸೆಯ ಹಿಂದಿನ ಪಾಠ

ಶಿಸ್ತಿನ ಮನುಷ್ಯನಿಗೆ ಮುಖದ ಮೇಲೂ ಒಂದು ವೇಳಾಪಟ್ಟಿ ಇರುತ್ತದೆ. ನಾನು ಪ್ರತಿ ಭಾನುವಾರ ಮೀಸೆ ಕತ್ತರಿಸಿಕೊಳ್ಳುವವನು. ತುಟಿ ಮುಚ್ಚುವಷ್ಟು ದಪ್ಪ, ಒಂದು ಕೂದಲೂ ಅತ್ತಿತ್ತ ಇಲ್ಲ. ಮೊಗುಡಂಪಲ್ಲಿ ಕಡೆ ನಾನು ಕಲಿಸುವ ಕನ್ನಡ ಶಾಲೆಯಲ್ಲಿ ಬೆತ್ತಕ್ಕೆ ಹೆದರದ ಮಕ್ಕಳೂ ಅದಕ್ಕೆ ಹೆದರುತ್ತಿದ್ದವು. ಹೆದರದವಳು ಮಹಾದೇವಿ ಒಬ್ಬಳೇ. ಅವಳಿಗೆ ಕಿವಿ ಕೇಳುವುದಿಲ್ಲ. ಮೊದಲ ಬೆಂಚಿನಲ್ಲಿ ಕುಳಿತು ನನ್ನನ್ನೇ ನೋಡುತ್ತ ನಗುತ್ತಿದ್ದಳು. ಇಂಥ ಮಕ್ಕಳನ್ನು ಎಲ್ಲರ ಜೊತೆಗೇ ಕೂರಿಸಿ ಕಲಿಸಬೇಕೆಂದು ಜಹೀರಾಬಾದಿನ ತರಬೇತಿಯಲ್ಲಿ ಹೇಳಿದ್ದರು. ಕೂರಿಸುವುದನ್ನು ನಾನು ಚೆನ್ನಾಗಿಯೇ ಮಾಡಿದ್ದೆ. ಕಲಿಸುವುದು ಹೇಗೆಂದು ಹೇಳುವ ಹೊತ್ತಿಗೆ ಅಲ್ಲಿ ಊಟದ ವೇಳೆಯಾಗಿತ್ತು.

ದಸರೆಗೆ ಮುಂಚೆ ಅವಳ ತಾಯಿ ಶಾಂತಮ್ಮ ಬಂದಳು. "ಸರ್, ಈಕಿಗೆ ಪಾಠ ಏನೂ ತಿಳಿವಲ್ದರಿ. ಹಿಂಗ ಆದ್ರ ಹಬ್ಬ ಆದಮ್ಯಾಲೆ ಸಾಲಿ ಬಿಡಿಸಿ ಹತ್ತಿ ಬಿಡಸಾಕ ಹಚ್ತೀನಿ ಅಂತಾರ ಇವರಪ್ಪ." ಆಮೇಲೆ ಸೆರಗು ತಿರುವುತ್ತ, "ಈಕಿ ತುಟಿ ನೋಡಿ ಮಾತು ತಿಳಕೋತಾಳ್ರಿ. ನಿಮ್ಮ ತುಟಿ... ಸಿಟ್ಟಾಗಬ್ಯಾಡ್ರಿ, ಕಾಣಂಗಿಲ್ಲ" ಎಂದಳು.

ಮರುದಿನ ಬೆಳಗ್ಗೆಯೇ ಮೀಸೆ ಬೋಳಿಸಿದೆ. ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಅಯ್ಯ, ಯಾರೋ ಬಂದಾರ ಅಂತ ಮಾಡಿದ್ದೆ! ನಾ ಹೇಳಿದಾಗ ತೆಗೀಲಿಲ್ಲ, ಈಗ ಯಾಕ್ರಿ?"

"ಸರ್ಕಾರಿ ಕೆಲಸ" ಎಂದೆ.

ತರಗತಿಯಲ್ಲಿ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ಕಿಸಿಕಿಸಿ ನಕ್ಕವು. ಮಹಾದೇವಿ ಮಾತ್ರ ಕಣ್ಣರಳಿಸಿ ನನ್ನ ತುಟಿ ಓದಲು ಮುಂದಕ್ಕೆ ಬಾಗಿದಳು. ನಾನು ಎಂದಿನಂತೆ ಪಾಠ ಆರಂಭಿಸಿದೆ: "ಬಾಯಿ ಮುಚ್ರಿ! ನೆಟ್ಟಗ ಕೂಡ್ರಿ! ದಡ್ಡರ ಹಿಂಡು! ನಿಮಗ್ಯಾಕ ಸಾಲಿ? ಹೊಲಕ್ಕ ಹೋಗ್ರಿ!" ಉಳಿದವರಿಗೆ ಅದು ಗಂಟೆ ಬಾರಿಸಿದಷ್ಟೇ ಮಾಮೂಲು. ಅವಳ ನಗು ಮಾತ್ರ ಮೆಲ್ಲಗೆ ಇಳಿದುಹೋಯಿತು.

ಮರುದಿನ ಅವಳ ಜಾಗ ಖಾಲಿ. ಹಬ್ಬ ಕಳೆದರೂ ಬಾರದಿದ್ದಾಗ ಅವಳ ಮನೆಗೆ ಹೋದೆ. ಶಾಂತಮ್ಮ ನನ್ನ ಮುಖ ನೋಡದೆ ಹೇಳಿದಳು: "ಇಷ್ಟು ದಿನ ಸರ್ ಕಥಿ ಹೇಳ್ತಾರ ಅಂತ ತಿಳಕೊಂಡಿದ್ಳರಿ. ಈಗ ಸಾಲಿ ಒಲ್ಲೆ ಅಂತಾಳ. ಸರೇ ಹೊಲಕ್ಕ ಹೋಗಂದಾರ ಅಂತ ಕೈ ಮಾಡಿ ತೋರಸ್ತಾಳ. ಅವರಪ್ಪಗೂ ಅದೇ ಬೇಕಾಗಿತ್ತು."

ಮಹಾದೇವಿ ಬೆರಳ ತುಂಬ ಹತ್ತಿಕಾಯಿಯ ಗೀರುಗಳೊಂದಿಗೆ ಬಂದು ನಿಂತಳು. ನಾನು ಬಗ್ಗಿ, ಬಿಡಿಸಿ ಬಿಡಿಸಿ, "ಬಾ... ಸಾಲಿಗೆ ಬಾ" ಎಂದೆ. ಅವಳು ನನ್ನ ತುಟಿ ನೋಡಿ ಮುಖ ತಿರುಗಿಸಿದಳು. ಕಿವಿ ಮುಚ್ಚಿಕೊಳ್ಳುವ ಅವಳ ರೀತಿ ಅದು.

"ಇನ್ನರೆ ಮೀಸಿ ಬಿಡ್ರಿ" ಎನ್ನುತ್ತಾಳೆ ಹೆಂಡತಿ. ಮಹಾದೇವಿ ಬಂದರೆ ತುಟಿ ಕಾಣಲಿ ಎಂದು ದಿನವೂ ಬೋಳಿಸುತ್ತೇನೆ. ತರಗತಿಯಲ್ಲಿ ಅವಳ ಖಾಲಿ ಜಾಗದತ್ತ ಮುಖ ಮಾಡಿ ಬಾಯಿ ತೆರೆಯುತ್ತೇನೆ. ಬೈಗುಳ ಬಿಟ್ಟರೆ ಬೇರೆ ಮಾತು ಬೇಗ ಸಿಗುವುದಿಲ್ಲ. ಮೀಸೆಯ ಜೊತೆಗೆ ಸರ್ ಮಾತೂ ಹೋಯಿತೆಂದು ಮಕ್ಕಳು ಮರುಗುತ್ತಿವೆ.